ಪೇಟೆಯ ವಾಡಿಕೆ: 1992ರ ಹಗರಣದ ಮರುಓದು

ಕೃಷ್ಣೆಗೆ ಕೊಯ್ನಾ ನದಿ ಬಂದು ಸೇರುವ ಕಡೆ ಕರಾಡ ಎಂಬ ಊರಿದೆ. ಆ ಊರಿನ ಹೆಸರು ಹೊತ್ತ ಬ್ಯಾಂಕ್ ಆಫ್ ಕರಾಡ್ ಎಂಬ ಸಣ್ಣ ಖಾಸಗಿ ಬ್ಯಾಂಕು ಬರೆದುಕೊಟ್ಟ ರಸೀದಿಗಳನ್ನು ನಂಬಿ, ಲಂಡನ್ನಿನ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕು 1991–92ರಲ್ಲಿ ಮುಂಬಯಿಯಲ್ಲಿ ನೂರಾರು ಕೋಟಿ ರೂಪಾಯಿ ತೆತ್ತಿತು. ಮುಂಬಯಿಯ ಮೆಟ್ರೊಪಾಲಿಟನ್ ಸಹಕಾರಿ ಬ್ಯಾಂಕಿನ ರಸೀದಿಗಳಿಗೂ ಹಾಗೆಯೇ ಹಣ ಸಂದಿತು. ರಸೀದಿಯ ಒಕ್ಕಣೆ ಸರಳವಾದದ್ದು: ಇಷ್ಟು ಮೊತ್ತದ ಸಾಲಪತ್ರಗಳನ್ನು ನಿಮಗೆ ಮಾರಿದ್ದೇವೆ, ಹಣ ಮುಟ್ಟಿದೆ, ಪತ್ರಗಳು ನಮ್ಮಲ್ಲಿವೆ, ತಲುಪಿಸುತ್ತೇವೆ. ಆದರೆ ಪತ್ರಗಳೇ ಇರಲಿಲ್ಲ. ಆ ಎರಡು ಬ್ಯಾಂಕುಗಳ ಮೂಲಬಂಡವಾಳವನ್ನು ಒಟ್ಟು ಮಾಡಿದರೂ ಅಷ್ಟು ಮೊತ್ತದ ಪತ್ರಗಳನ್ನು ಕೊಳ್ಳುವ ಶಕ್ತಿ ಅವುಗಳಿಗಿರಲಿಲ್ಲ. ಇದನ್ನು ತಿಳಿಯಲು ಗೂಢಚಾರರು ಬೇಕಿರಲಿಲ್ಲ, ಆ ಬ್ಯಾಂಕುಗಳ ವಾರ್ಷಿಕ ಲೆಕ್ಕಪತ್ರ ತೆರೆದು ನೋಡಿದ್ದರೆ ಸಾಕಿತ್ತು. ಹಣ ಕೊಡುವ ಮೊದಲು ಒಂದು ಸಲ ಕೇಳಬೇಕಿದ್ದ ಪ್ರಶ್ನೆಯನ್ನು ಯಾರೂ ಏಕೆ ಕೇಳಲಿಲ್ಲ? 1992ರ ಷೇರು ಹಗರಣದ ಬಗ್ಗೆ ಮೂರು ದಶಕಗಳಿಂದ ಬರೆದದ್ದು ಬಹಳ. ಆದರೂ ಈ ಪ್ರಶ್ನೆಗೆ ಸಿಗಬೇಕಾದ ಗಮನ ಸಿಕ್ಕಿಲ್ಲವೆಂದೇ ನನ್ನ ಭಾವನೆ.

ನಾವು ಹೇಳಿಕೊಂಡು ಬಂದ ಕಥೆ ಬೇರೆಯೇ. ಅದರಲ್ಲಿ ಒಬ್ಬ ನಾಯಕ, ಅವನೇ ಖಳನಾಯಕ. ಹರ್ಷದ್ ಮೆಹ್ತಾ ಎಂಬ ದಲ್ಲಾಳಿ ಷೇರುಪೇಟೆಯ ದೊಡ್ಡ ಗೂಳಿಯಾಗಿ ಮೆರೆದ, ಬ್ಯಾಂಕುಗಳ ಹಣ ತೆಗೆದು ಷೇರಿಗೆ ಸುರಿದ, 1992ರ ಏಪ್ರಿಲ್ 23ರಂದು ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ ಸುಚೇತಾ ದಲಾಲ್ ಬರೆದ ವರದಿಯಿಂದ ಸಿಕ್ಕಿಬಿದ್ದ. ಇಷ್ಟೂ ನಿಜ. ಆದರೆ ಈ ಕಥೆ ಒಬ್ಬನ ಜಾಣತನದ ಮೇಲೆ ಎಲ್ಲ ಬೆಳಕನ್ನೂ ಚೆಲ್ಲಿ, ಅವನ ಕೈಗೆ ಹಣವಿಟ್ಟವರನ್ನು ಕತ್ತಲಲ್ಲಿ ಉಳಿಸುತ್ತದೆ. ದೊಡ್ಡ ಹುದ್ದೆಯ ಮರ್ಯಾದಸ್ಥರು ಮೇಜಿನ ಮೇಲೆ ನಡೆಸುವ ಅಪರಾಧ ಕಳ್ಳತನದ ಹಾಗೆ ಹೊರಗಿನಿಂದ ನುಗ್ಗಿ ಬರುವುದಿಲ್ಲ. ಎಲ್ಲರಿಗೂ ಅನುಕೂಲವಾದ ಒಂದು ಸಣ್ಣ ನಿಯಮಭಂಗವಾಗಿ ಅದು ಒಳಗೇ ಮೊಳೆಯುತ್ತದೆ, ನಾಲ್ಕು ಜನ ಮಾಡಿದಾಗ ವಾಡಿಕೆಯಾಗುತ್ತದೆ. ವಾಡಿಕೆಯಾದ ಮೇಲೆ ಅದನ್ನು ಪ್ರಶ್ನಿಸುವವನೇ ಕೆಲಸ ತಿಳಿಯದವನೆನಿಸಿಕೊಳ್ಳುತ್ತಾನೆ. ಮಾಮೂಲಿ ಏರಿಳಿತವೊಂದು ಬಿಕ್ಕಟ್ಟಾಗಿ ತಿರುಗುವುದು ಈ ವಾಡಿಕೆಯ ಬಲದಿಂದ ಎಂಬುದು ನನ್ನ ವಾದ. 1992ರ ದಾಖಲೆಗಳು ಇದಕ್ಕೆ ಬೇರಾವ ಪ್ರಕರಣಕ್ಕಿಂತಲೂ ಹೆಚ್ಚಿನ ಪುರಾವೆ ಕೊಡುತ್ತವೆ.

ಆಗಿನ ಬ್ಯಾಂಕಿನ ಒಳಗು ಹೇಗಿತ್ತೆಂದು ನೋಡಬೇಕು. ಠೇವಣಿಯಾಗಿ ಬಂದ ಪ್ರತಿ ನೂರು ರೂಪಾಯಿಯಲ್ಲಿ 38.5 ರೂಪಾಯಿಯನ್ನು ಸರ್ಕಾರಿ ಸಾಲಪತ್ರಗಳಲ್ಲೋ ಅಂಥದೇ ಅಂಗೀಕೃತ ಪತ್ರಗಳಲ್ಲೋ ತೊಡಗಿಸಬೇಕಿತ್ತು. ಇನ್ನೂ 15 ರೂಪಾಯಿಯನ್ನು ನಗದಾಗಿ ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಿತ್ತು. ಉಳಿದದ್ದರಲ್ಲೂ ಆದ್ಯತಾ ವಲಯಕ್ಕೆ ಇಷ್ಟು ಎಂಬ ಕಟ್ಟಳೆಯಿತ್ತು. ಸಾಲಪತ್ರಗಳ ಬಡ್ಡಿಯನ್ನು ಸರ್ಕಾರವೇ ಗೊತ್ತು ಮಾಡುತ್ತಿದ್ದರಿಂದ ಅದು ಕಡಿಮೆ. ಹೊಸ ಪತ್ರಗಳ ಬಡ್ಡಿ ಏರಿದರೆ ಹಳೆಯ ಪತ್ರಗಳ ಬೆಲೆ ಇಳಿಯುತ್ತದೆ, ಆ ನಷ್ಟ ಲೆಕ್ಕದಲ್ಲಿ ಕಾಣದಂತೆ ಪತ್ರಗಳನ್ನು ಆಚೀಚೆ ಮಾಡುವ ಆಸೆಯೂ ಹುಟ್ಟುತ್ತದೆ. ಇಂಥ ಹೊತ್ತಿನಲ್ಲಿ 1991 ಬಂತು. ವಿದೇಶಿ ವಿನಿಮಯ ಬರಿದಾಗಿ, ಚಿನ್ನವನ್ನು ವಿಮಾನದಲ್ಲಿ ಹೊರದೇಶಕ್ಕೆ ಸಾಗಿಸಿ ಅಡವಿಟ್ಟು, ಜುಲೈ ಮೊದಲ ವಾರದಲ್ಲಿ ಎರಡು ಕಂತಿನಲ್ಲಿ ರೂಪಾಯಿಯ ಅಪಮೌಲ್ಯವಾಗಿ, ಜುಲೈ 24ರಂದು ಮನಮೋಹನ್ ಸಿಂಗ್ ಅವರ ಬಜೆಟ್ಟು ಮಂಡನೆಯಾಯಿತು. ಲೈಸೆನ್ಸುಗಳು ಹೋದವು, ಉದ್ಯಮಗಳಿಗೆ ಬಾಗಿಲು ತೆರೆಯಿತು. ಬ್ಯಾಂಕುಗಳು ಮಾತ್ರ ಹಳೆಯ ಹಗ್ಗದಲ್ಲೇ ಕಟ್ಟಿಸಿಕೊಂಡಿದ್ದವು, ಅದೇ ಹೊತ್ತಿಗೆ ಲಾಭ ತೋರಿಸಿ ಎಂಬ ಒತ್ತಾಯವೂ ಅವುಗಳ ಮೇಲೆ ಬಿತ್ತು.

ಸಾಲಪತ್ರಗಳ ಪೇಟೆಗೆ ಕಟ್ಟಡವಿರಲಿಲ್ಲ, ಫಲಕವಿರಲಿಲ್ಲ, ಯಾವ ದರದಲ್ಲಿ ವ್ಯವಹಾರವಾಯಿತೆಂದು ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ದಲ್ಲಾಳಿಗಳ ಟೆಲಿಫೋನುಗಳೇ ಪೇಟೆ. ಯಾವ ಬ್ಯಾಂಕಿನಲ್ಲಿ ಎಷ್ಟು ಪತ್ರಗಳಿವೆ ಎಂಬ ಲೆಕ್ಕವನ್ನು ರಿಸರ್ವ್ ಬ್ಯಾಂಕಿನ ಸಾರ್ವಜನಿಕ ಋಣ ಕಚೇರಿ ಕೈಬರಹದ ಲೆಡ್ಜರಿನಲ್ಲಿ ಇಡುತ್ತಿತ್ತು. ಮಾರಾಟ ಅಲ್ಲಿ ದಾಖಲಾಗಲು ದಿನಗಳೇ ಹಿಡಿಯುತ್ತಿದ್ದವು. ಈ ವಿಳಂಬವನ್ನು ದಾಟಲೆಂದು ಬಂದದ್ದು ಬ್ಯಾಂಕ್ ರಸೀದಿ, ಪೇಟೆಯವರ ಬಾಯಲ್ಲಿ ಬಿ.ಆರ್. ಅದು ಎರಡು ಬ್ಯಾಂಕುಗಳ ನಡುವಿನ ತಾತ್ಕಾಲಿಕ ಚೀಟಿಯಾಗಿತ್ತು, ಮೂರನೆಯವರಿಗೆ ದಾಟಿಸುವಂಥದ್ದಾಗಿರಲಿಲ್ಲ. ಇನ್ನೊಂದು ಉಪಾಯ ರೆಡಿ ಫಾರ್ವರ್ಡ್. ಇವತ್ತು ಪತ್ರ ಮಾರುವುದು, ಹದಿನೈದು ದಿನದ ಮೇಲೆ ಗೊತ್ತಾದ ಬೆಲೆಗೆ ಅದನ್ನೇ ಮರಳಿ ಕೊಳ್ಳುವುದು. ಹೆಸರಿಗೆ ಮಾರಾಟ, ವಾಸ್ತವದಲ್ಲಿ ಪತ್ರದ ಆಧಾರದ ಮೇಲೆ ಕೈಬದಲು. ಎರಡೂ ಬ್ಯಾಂಕುಗಳು ದಲ್ಲಾಳಿಯ ಮುಖವನ್ನಷ್ಟೇ ನೋಡುತ್ತಿದ್ದವು. ಒಂದು ಬ್ಯಾಂಕು ಇನ್ನೊಂದರ ಹೆಸರಿಗೆ ಬರೆದ ಅಕೌಂಟ್ ಪೇಯಿ ಚೆಕ್ಕನ್ನು ದಲ್ಲಾಳಿ ತಾನೇ ಒಯ್ದು ಆ ಬ್ಯಾಂಕಿನಲ್ಲಿದ್ದ ತನ್ನ ಖಾತೆಗೆ ಜಮಾ ಮಾಡಿಸುತ್ತಿದ್ದ. ಚೆಕ್ಕಿನ ಮೇಲಿನ ಹೆಸರು ಬ್ಯಾಂಕಿನದು, ದುಡ್ಡು ಸೇರುವುದು ದಲ್ಲಾಳಿಯ ಖಾತೆಗೆ. ಶಾಖೆಯ ಗುಮಾಸ್ತನಿಂದ ಹಿಡಿದು ಮೇಲಿನವರೆಗೆ ಎಲ್ಲರೂ ಇದನ್ನು ಕಣ್ಣಾರೆ ಕಂಡಿದ್ದರು. ಆರಂಭದಲ್ಲಿ ಇದರಿಂದ ಯಾರಿಗೂ ನಷ್ಟವಾಗಲಿಲ್ಲ, ಕೆಲಸ ಬೇಗ ಆಗುತ್ತಿತ್ತು. ವಾಡಿಕೆ ಬೇರು ಬಿಡುವುದು ಇಂಥ ನಷ್ಟವಿಲ್ಲದ ದಿನಗಳಲ್ಲೇ. ಪತ್ರವಿಲ್ಲದ ರಸೀದಿ, ದಲ್ಲಾಳಿಯ ಖಾತೆಗೆ ಹೋಗುವ ಬ್ಯಾಂಕಿನ ಚೆಕ್ಕು, ಎರಡು ಬ್ಯಾಂಕುಗಳ ಬದಲು ಒಬ್ಬ ದಲ್ಲಾಳಿಯ ಮೇಲಿನ ಭರವಸೆ: ಈ ಮೂರೂ ಒಂದೇ ಕಡೆ ಕೂಡಿದಾಗ ದೇಶದ ಠೇವಣಿಗಳು ಷೇರುಕಟ್ಟೆಗೆ ಹರಿಯಲು ಕಾಲುವೆ ತೋಡಿದಂತಾಯಿತು.

ಈ ಕಾಲುವೆಯ ಒಂದು ಕವಲು ಬೆಂಗಳೂರನ್ನೂ ಹಾದಿತ್ತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಊರವರ ಉಳಿತಾಯ ಕೂಡಿಸಿ ಕಟ್ಟಿದ ನಿಧಿಯೇ ಬೆಳೆದು ಕೆನರಾ ಬ್ಯಾಂಕಾಯಿತು. ರಾಷ್ಟ್ರೀಕರಣದ ನಂತರ, ಎಂಬತ್ತರ ದಶಕದ ಕೊನೆಗೆ, ಉಳಿದ ಸರ್ಕಾರಿ ಬ್ಯಾಂಕುಗಳಂತೆ ಅದೂ ಅಂಗಸಂಸ್ಥೆಗಳನ್ನು ಹುಟ್ಟುಹಾಕಿತು. ಅವುಗಳಲ್ಲಿ ಒಂದು ಕ್ಯಾನ್‌ಬ್ಯಾಂಕ್ ಫೈನಾನ್ಷಿಯಲ್ ಸರ್ವಿಸಸ್, ಅಂದರೆ ಕ್ಯಾನ್‌ಫಿನಾ. ಸಾರ್ವಜನಿಕ ಉದ್ದಿಮೆಗಳು ಬಾಂಡು ಮಾರಿ ಎತ್ತಿದ ಹಣ ಯೋಜನೆಗೆ ಬೇಕಾಗುವವರೆಗೆ ಸುಮ್ಮನೆ ಕೂತಿರುತ್ತಿತ್ತು. ಅದನ್ನು ಹೂಡಿಕೆ ನಿರ್ವಹಣೆಯ ಹೆಸರಿನಲ್ಲಿ ಪಡೆದು, ಇಂತಿಷ್ಟು ಆದಾಯ ಖಚಿತವೆಂದು ಮಾತುಕೊಟ್ಟು ತಿರುಗಿಸುವ ವ್ಯವಹಾರದಲ್ಲಿ ಕ್ಯಾನ್‌ಫಿನಾ ಮುಂಚೂಣಿಯಲ್ಲಿತ್ತು. ಖಚಿತ ಆದಾಯದ ಭರವಸೆ ಕೊಡಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕೊಟ್ಟ ಮಾತು ಉಳಿಸಿಕೊಳ್ಳಲು ಹೆಚ್ಚು ಬಡ್ಡಿ ಕೊಡುವವರು ಬೇಕು, ಆ ದಿನಗಳಲ್ಲಿ ಅಷ್ಟು ಬಡ್ಡಿ ಕೊಡಬಲ್ಲವನು ಷೇರಿನಲ್ಲಿ ಆಡುತ್ತಿದ್ದ ದಲ್ಲಾಳಿಯೊಬ್ಬನೇ. ಹಗರಣ ಒಡೆದಾಗ ಕ್ಯಾನ್‌ಫಿನಾದ ಲೆಕ್ಕದಲ್ಲಿ ನೂರಾರು ಕೋಟಿಯ ತೂತು ಕಂಡಿತು. ಬೆಂಗಳೂರಿನಲ್ಲೇ ನೆಲೆಯಿದ್ದ ಫೇರ್‌ಗ್ರೋತ್ ಫೈನಾನ್ಷಿಯಲ್ ಸರ್ವಿಸಸ್ ಎಂಬ ಹೊಸ ಖಾಸಗಿ ಕಂಪನಿಯ ಆಸ್ತಿಯೂ ಹಗರಣದ ವಿಚಾರಣೆಗೆಂದು ಬಂದ ವಿಶೇಷ ನ್ಯಾಯಾಲಯದ ಕಾಯ್ದೆಯಡಿ ಜಪ್ತಿಯಾಯಿತು. ಅದರ ಷೇರು ಹೊಂದಿದ್ದ ವಿಷಯ ಹೊರಬಿದ್ದಾಗ ವಾಣಿಜ್ಯ ಖಾತೆಯ ರಾಜ್ಯ ಸಚಿವರಾಗಿದ್ದ ಪಿ. ಚಿದಂಬರಂ ಜುಲೈ 1992ರಲ್ಲಿ ರಾಜೀನಾಮೆ ಕೊಟ್ಟರು. ಹರ್ಷದ್ ಮೆಹ್ತಾನ ಕಥೆಯನ್ನಷ್ಟೇ ಕೇಳಿದವರಿಗೆ ಈ ಹೆಸರುಗಳು ಅಪರಿಚಿತ. ಅವನಿಗೆ ಸಂಬಂಧವೇ ಇಲ್ಲದ, ಅವನ ಎದುರಾಳಿಗಳ ಮೂಲಕ ನಡೆದ ವ್ಯವಹಾರಗಳಲ್ಲೂ ಇದೇ ರಸೀದಿ, ಇದೇ ಚೆಕ್ಕು, ಇದೇ ಮೌನ ಇದ್ದುದರಿಂದಲೇ ನಾನು ಇದನ್ನು ಒಬ್ಬನ ಅಪರಾಧವೆಂದು ಒಪ್ಪುವುದಿಲ್ಲ.

ಷೇರುಪೇಟೆಯತ್ತ ಬರೋಣ. 1991ರ ಆರಂಭದಲ್ಲಿ ಸಾವಿರದ ಆಸುಪಾಸಿನಲ್ಲಿದ್ದ ಮುಂಬಯಿ ಸೂಚ್ಯಂಕ 1992ರ ಜನವರಿಯಲ್ಲಿ ಎರಡು ಸಾವಿರ ದಾಟಿತು, ಫೆಬ್ರವರಿ 29ರ ಬಜೆಟ್ಟಿನ ಸಂಭ್ರಮದಲ್ಲಿ ಮೂರು ಸಾವಿರವನ್ನು, ಮಾರ್ಚ್ ಕೊನೆಗೆ ನಾಲ್ಕು ಸಾವಿರವನ್ನು ಮುಟ್ಟಿತು. ಏಪ್ರಿಲ್ 22ರಂದು 4,467. ನೂರುಗಳಲ್ಲಿದ್ದ ಎಸಿಸಿ ಸಿಮೆಂಟಿನ ಷೇರು ಒಂಬತ್ತು ಸಾವಿರದ ಆಸುಪಾಸಿಗೆ ಹೋಯಿತು. ಇದನ್ನು ಸಮರ್ಥಿಸಲು ಒಂದು ಸಿದ್ಧಾಂತವೂ ಸಿಕ್ಕಿತ್ತು: ಕಂಪನಿಯ ಈಗಿನ ಲಾಭ ನೋಡಬೇಡಿ, ಅಂಥದೇ ಕಾರ್ಖಾನೆಯನ್ನು ಇವತ್ತು ಹೊಸದಾಗಿ ಕಟ್ಟಲು ತಗಲುವ ವೆಚ್ಚ ನೋಡಿ ಬೆಲೆ ಕಟ್ಟಿ. ಇಲ್ಲೊಂದು ಆಕ್ಷೇಪ ಏಳುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಏರಿಕೆಗೆ ಉದಾರೀಕರಣದ ಉತ್ಸಾಹವೇ ಕಾರಣ, ಬ್ಯಾಂಕಿನ ಹಣ ಅಲ್ಲಲ್ಲಿ ಬೆರೆತಿರಬಹುದು, ಆದರೆ ಮುಂಬಯಿ ಪೇಟೆಯ ಷೇರುಗಳ ಒಟ್ಟು ಬೆಲೆ ಒಂದೇ ವರ್ಷದಲ್ಲಿ ಸುಮಾರು 90,000 ಕೋಟಿಯಿಂದ ಮೂರು ಲಕ್ಷ ಕೋಟಿ ದಾಟಿರುವಾಗ ಕೆಲವು ಸಾವಿರ ಕೋಟಿ ಯಾವ ಲೆಕ್ಕ ಎಂಬುದು ಆ ಆಕ್ಷೇಪ. ಮೊದಲ ಅರ್ಧವನ್ನು ನಾನು ಒಪ್ಪುತ್ತೇನೆ. ಸುಧಾರಣೆ ಬಂದಾಗ ಪೇಟೆ ಏರುವುದು ಸಹಜ, ಹರ್ಷದ್ ಇಲ್ಲದಿದ್ದರೂ ಏರುತ್ತಿತ್ತು. ಎರಡನೆಯದು ಮಾತ್ರ ಪೇಟೆಯಲ್ಲಿ ಬೆಲೆ ಹೇಗೆ ಹುಟ್ಟುತ್ತದೆಂಬುದನ್ನೇ ಮರೆತ ಮಾತು. ಆಗ ದೊಡ್ಡ ಕಂಪನಿಗಳ ಷೇರುಗಳಲ್ಲಿ ಬಹುಪಾಲು ಮಾಲೀಕ ಮನೆತನಗಳ ಮತ್ತು ಸರ್ಕಾರಿ ಹಣಕಾಸು ಸಂಸ್ಥೆಗಳ ಬಳಿ ಭದ್ರವಾಗಿ ಕೂತಿದ್ದವು, ಪೇಟೆಯಲ್ಲಿ ಕೈ ಬದಲಾಗುತ್ತಿದ್ದದ್ದು ತೆಳ್ಳನೆಯ ಪಾಲು. ಇಡೀ ಕಂಪನಿಯ ಬೆಲೆಯನ್ನು ನಿಗದಿ ಮಾಡುತ್ತಿದ್ದದ್ದು ಆ ತೆಳ್ಳನೆಯ ಪಾಲಿನ ಕೊನೆಯ ವ್ಯವಹಾರ. ಸಂತೆಗೆ ಹತ್ತೇ ಮೂಟೆ ಭತ್ತ ಬಂದ ದಿನ, ಹಣದ ಚಿಂತೆಯಿಲ್ಲದ ಒಬ್ಬನೇ ಗಿರಾಕಿ ಸುತ್ತಲಿನ ಹಳ್ಳಿಗಳ ಕಣಜಗಳಲ್ಲಿರುವ ಭತ್ತಕ್ಕೆಲ್ಲ ಬೆಲೆ ಕಟ್ಟಿಬಿಡುತ್ತಾನೆ. ಜೊತೆಗೆ ಪೇಟೆಯಲ್ಲಿ ಬದ್ಲಾ ಪದ್ಧತಿಯಿತ್ತು, ಪೂರ್ತಿ ಹಣ ಕೊಡದೆಯೇ ಖರೀದಿಯನ್ನು ಮುಂದಿನ ಅವಧಿಗೆ ದಾಟಿಸಬಹುದಿತ್ತು. ಬ್ಯಾಂಕಿನಿಂದ ಬಂದ ಒಂದು ರೂಪಾಯಿ ಅಲ್ಲಿ ಹಲವು ರೂಪಾಯಿಯ ಕೆಲಸ ಮಾಡುತ್ತಿತ್ತು.

ಕುಸಿತ ಬಂದ ರೀತಿಯೂ ಇದನ್ನೇ ಹೇಳುತ್ತದೆ. ಸ್ಟೇಟ್ ಬ್ಯಾಂಕಿನ ಲೆಕ್ಕದಲ್ಲಿ ಸುಮಾರು 500 ಕೋಟಿಗೆ ಪತ್ರಗಳೇ ಇಲ್ಲ ಎಂಬ ಸುದ್ದಿ ಏಪ್ರಿಲ್ 23ರಂದು ಹೊರಬಿತ್ತು, 28ರಂದು ಸೂಚ್ಯಂಕ ಒಂದೇ ದಿನ 570 ಅಂಶ, ಅಂದರೆ ನೂರಕ್ಕೆ ಹನ್ನೆರಡಕ್ಕೂ ಹೆಚ್ಚು, ಬಿತ್ತು. ಆ ಐದು ದಿನಗಳಲ್ಲಿ ಸುಧಾರಣೆಯ ಒಂದು ಕಡತವೂ ಹಿಂದಕ್ಕೆ ಹೋಗಿರಲಿಲ್ಲ, ಒಂದು ಕಾರ್ಖಾನೆಯೂ ಮುಚ್ಚಿರಲಿಲ್ಲ. ಬದಲಾದದ್ದು ಒಂದೇ, ಬ್ಯಾಂಕುಗಳು ಕೈ ಹಿಂದಕ್ಕೆಳೆದವು. ಭಯವೂ ಸೇರಿಕೊಂಡಿತು, ನಿಜ. ಆದರೆ ಭಯ ಮಾತ್ರ ಕಾರಣವಾಗಿದ್ದರೆ ಪೇಟೆ ಕೆಲವೇ ತಿಂಗಳಲ್ಲಿ ಚೇತರಿಸಿಕೊಳ್ಳಬೇಕಿತ್ತು. ಒಂದು ವರ್ಷ ಕಳೆದು 1993ರ ಏಪ್ರಿಲ್ ಬಂದರೂ ಸೂಚ್ಯಂಕ ಶಿಖರದ ಅರ್ಧಕ್ಕಿಂತ ಕೆಳಗೇ ಇತ್ತು. ಈ ನಡುವೆ ಸ್ಟೇಟ್ ಬ್ಯಾಂಕಿನ ಗುಂಡಿ ಮುಚ್ಚಲು ರಾಷ್ಟ್ರೀಯ ವಸತಿ ಬ್ಯಾಂಕಿನ ಹಣ ಬಂದಿತ್ತು, ಹಾಗಾಗಿ ಗುಂಡಿ ಅಲ್ಲಿಗೆ ವರ್ಗವಾಯಿತು. 1992ರ ಏಪ್ರಿಲ್ 30ರಂದು ರಿಸರ್ವ್ ಬ್ಯಾಂಕು ತನ್ನ ಡೆಪ್ಯುಟಿ ಗವರ್ನರ್ ಆರ್. ಜಾನಕಿರಾಮನ್ ಅವರ ಸಮಿತಿ ನೇಮಿಸಿತು, ಅದು ಕೊನೆಗೆ ಎಣಿಸಿದ ಮೊತ್ತ 4,024 ಕೋಟಿ ರೂಪಾಯಿ. ಇದರಲ್ಲಿ ಸಾವಿರ ಕೋಟಿಗೂ ಮಿಕ್ಕಿದ ಪಾಲು ಸ್ಟ್ಯಾಂಡರ್ಡ್ ಚಾರ್ಟರ್ಡ್ ಒಂದರದೇ. ಜೂನ್ ಮೊದಲ ವಾರದಲ್ಲಿ ಹರ್ಷದ್ ಬಂಧನವಾಯಿತು, ಸುಗ್ರೀವಾಜ್ಞೆಯಿಂದ ವಿಶೇಷ ನ್ಯಾಯಾಲಯ ಸ್ಥಾಪನೆಯಾಯಿತು, ಆರೋಪಿಗಳ ಆಸ್ತಿ ಜಪ್ತಿಯಾಯಿತು. ಅವರ ಕೈದಾಟಿ ಬಂದ ಷೇರುಗಳೂ ಕಳಂಕಿತವೆನಿಸಿ ವರ್ಗಾವಣೆ ನಿಂತುಹೋಯಿತು. ದಲ್ಲಾಳಿಯ ಹೆಸರನ್ನೂ ಕೇಳದೆ ಪೇಟೆಯಲ್ಲಿ ಪ್ರಾಮಾಣಿಕವಾಗಿ ಹಣ ಕೊಟ್ಟು ಕೊಂಡವರು ಮಾರಲಾಗದ, ತಮ್ಮ ಹೆಸರಿಗೂ ಮಾಡಿಸಿಕೊಳ್ಳಲಾಗದ ಷೇರುಪತ್ರ ಹಿಡಿದು ವರ್ಷಗಟ್ಟಲೆ ಕಾದರು. ಹಗರಣದ ಅಂಕಿಸಂಖ್ಯೆಗಳಲ್ಲಿ ಇವರ ನಷ್ಟಕ್ಕೆ ಜಾಗವಿಲ್ಲ.

ವೈಟ್ ಕಾಲರ್ ಅಪರಾಧ ಎಂಬ ಮಾತನ್ನು ಚಲಾವಣೆಗೆ ತಂದವರು ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್‌ಲ್ಯಾಂಡ್, 1939ರ ಒಂದು ಭಾಷಣದಲ್ಲಿ. ಬಡತನ ಮತ್ತು ಕೆಟ್ಟ ಮನೆತನದಿಂದ ಅಪರಾಧ ಹುಟ್ಟುತ್ತದೆಂಬ ಅಂದಿನ ನಂಬಿಕೆಯನ್ನು ಅವರು ಅಲುಗಾಡಿಸಿದರು. ವೃತ್ತಿ ಕಲಿತಂತೆ ಅಪರಾಧವನ್ನೂ ಜೊತೆಯವರಿಂದ ಕಲಿಯಲಾಗುತ್ತದೆ, ಹೇಗೆ ಮಾಡಬೇಕೆಂಬುದರ ಜೊತೆಗೆ ಅದು ತಪ್ಪಲ್ಲವೆಂದು ಹೇಳಿಕೊಳ್ಳುವ ಮಾತುಗಳನ್ನೂ ಕಲಿಯಲಾಗುತ್ತದೆ ಎಂಬುದು ಅವರ ತಿಳಿವು. 1949ರ ಅವರ ಪುಸ್ತಕದಿಂದ ತಪ್ಪಿತಸ್ಥ ಕಂಪನಿಗಳ ಹೆಸರುಗಳನ್ನು ಪ್ರಕಾಶಕರು ಮೊಕದ್ದಮೆಯ ಹೆದರಿಕೆಯಿಂದ ತೆಗೆಸಿದ್ದರು, ಹೆಸರುಗಳಿರುವ ಪೂರ್ಣ ಪಾಠ ಹೊರಬರಲು 1983 ಬೇಕಾಯಿತು. ಅದೇ ಒಂದು ಪುರಾವೆಯಂತಿದೆ. ಮುಂಬಯಿಯಲ್ಲಿ ಆ ಕಲಿತ ಮಾತು ಯಾವುದೆಂದು ನ್ಯಾಯಾಲಯಗಳ ಕಡತಗಳಲ್ಲಿ ನೋಡಬಹುದು: ಪೇಟೆಯ ವಾಡಿಕೆ. ರಾಷ್ಟ್ರೀಯ ವಸತಿ ಬ್ಯಾಂಕು ಗ್ರಿಂಡ್ಲೇಸ್ ಬ್ಯಾಂಕಿನ ಹೆಸರಿಗೆ ಬರೆದ 506 ಕೋಟಿಯ ಚೆಕ್ಕುಗಳು ಹರ್ಷದ್ ಖಾತೆಗೆ ಜಮಾ ಆಗಿದ್ದವು. ಹಣ ಹಿಂದಿರುಗಿಸಿ ಎಂದಾಗ ಗ್ರಿಂಡ್ಲೇಸ್ ಹೇಳಿದ್ದು, ಎಲ್ಲರೂ ಹೀಗೆಯೇ ಮಾಡುತ್ತಿದ್ದರು ಎಂದು. ವರ್ಷಗಟ್ಟಲೆ ನಡೆದ ಆ ವ್ಯಾಜ್ಯ 2002ರಲ್ಲಿ ರಾಜಿಯಲ್ಲಿ ಮುಗಿಯಿತು. ಮಾರುತಿ ಉದ್ಯೋಗ್ ಕಂಪನಿಯ ಸುಮಾರು 39 ಕೋಟಿ ರೂಪಾಯಿ ಹರ್ಷದ್ ಕೈಸೇರಿದ ಪ್ರಕರಣ 2003ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದಾಗ ಇಬ್ಬರು ನ್ಯಾಯಮೂರ್ತಿಗಳು ಅಪರಾಧ ಕಂಡರು, ಮೂರನೆಯವರು ಭಿನ್ನ ತೀರ್ಪು ಬರೆದರು. ವಾಡಿಕೆಯ ಮಾತಿಗೆ ನನ್ನ ಉತ್ತರ ಇಷ್ಟು: ಎಲ್ಲರೂ ಮಾಡುತ್ತಿದ್ದರೆಂಬುದು ನಿಜವಿರಬಹುದು, ಅದು ಅಪರಾಧ ಎಷ್ಟು ಹಬ್ಬಿತ್ತೆಂದು ತೋರಿಸುತ್ತದೆ. ಇಲ್ಲದ ಪತ್ರ ಇದೆಯೆಂದು ಬರೆದು ಸಹಿ ಹಾಕಿದವನಿಗೆ ತಾನು ಬರೆದದ್ದು ಸುಳ್ಳೆಂದು ಸಹಿ ಹಾಕುವಾಗ ಗೊತ್ತಿತ್ತು. ರಿಸರ್ವ್ ಬ್ಯಾಂಕು 1991ರ ಜುಲೈನಲ್ಲೇ ರಸೀದಿಗಳ ದುರುಪಯೋಗದ ಬಗ್ಗೆ ಸುತ್ತೋಲೆ ಹೊರಡಿಸಿತ್ತು, ಬ್ಯಾಂಕುಗಳು ಅದನ್ನು ಓದಿ ಕಡತದಲ್ಲಿಟ್ಟವು. ಕಳಿಸಿದ ಮೇಲೆ ಪಾಲನೆಯಾಯಿತೇ ಎಂದು ರಿಸರ್ವ್ ಬ್ಯಾಂಕು ಹಠ ಹಿಡಿದು ಕೇಳಲಿಲ್ಲ. ಅದರ ಪಾಲಿನ ಹೊಣೆಯೂ ಸಣ್ಣದಲ್ಲ.

ಇನ್ನೊಂದು ಆಕ್ಷೇಪ ಅರ್ಥಶಾಸ್ತ್ರ ಬಲ್ಲವರದು. ಉಸಿರುಗಟ್ಟಿಸುವ ನಿಯಮಗಳೇ ಅಪರಾಧವನ್ನು ಹೆತ್ತವು, ಠೇವಣಿಯ ಅರ್ಧಕ್ಕಿಂತ ಹೆಚ್ಚನ್ನು ಸರ್ಕಾರವೇ ಕಸಿದುಕೊಂಡರೆ ಬ್ಯಾಂಕು ಕಳ್ಳದಾರಿ ಹುಡುಕದೆ ಏನು ಮಾಡೀತು ಎಂದು ಅವರು ಕೇಳುತ್ತಾರೆ. ನಿಯಮಗಳು ವಿಪರೀತವಾಗಿದ್ದವು ಎಂಬುದರಲ್ಲಿ ಅನುಮಾನವಿಲ್ಲ, ನರಸಿಂಹಂ ಸಮಿತಿ 1991ರಲ್ಲೇ ಅವನ್ನು ಸಡಿಲಿಸಲು ಹೇಳಿತ್ತು. ಆದರೆ ಮುರಿದ ನಿಯಮಗಳು ಯಾವುವೆಂದು ನೋಡಿ. ಸುಳ್ಳು ರಸೀದಿ ಬರೆಯಬಾರದು, ಒಬ್ಬರ ಹೆಸರಿನ ಚೆಕ್ಕನ್ನು ಇನ್ನೊಬ್ಬರ ಖಾತೆಗೆ ಹಾಕಬಾರದು, ಕೊಂಡ ಪತ್ರ ಕೈಗೆ ಬಂದಿದೆಯೇ ಎಂದು ಎಣಿಸಬೇಕು. ಇವು ಯೋಜನಾ ಆಯೋಗದ ಕಾಲದ ಕಟ್ಟುಪಾಡುಗಳಲ್ಲ, ಕಿರಾಣಿ ಅಂಗಡಿಯವನೂ ಪಾಲಿಸುವ ಲೆಕ್ಕದ ಶಿಸ್ತು. ಅತ್ಯಂತ ಮುಕ್ತ ದೇಶಗಳಿಂದ ಬಂದ ವಿದೇಶಿ ಬ್ಯಾಂಕುಗಳು ತಮ್ಮ ತವರಿನಲ್ಲಿ ಈ ಶಿಸ್ತನ್ನು ಬಿಡುತ್ತಿರಲಿಲ್ಲ, ಇಲ್ಲಿ ಬಿಟ್ಟವು. ಬಿಗಿ ನಿಯಮ ಆಸೆಯನ್ನು ವಿವರಿಸಬಹುದು, ಕೃತ್ಯವನ್ನು ವಿವರಿಸಲಾರದು. ಹೀಗೆ ಉಳಿದ ಲಾಭದಲ್ಲಿ ಒಂದು ಪೈಸೆಯೂ ಕಡಿಮೆ ಬಡ್ಡಿ ಪಡೆಯುತ್ತಿದ್ದ ಠೇವಣಿದಾರನಿಗೆ ತಲುಪಲಿಲ್ಲ.

ಮೂರನೆಯ ಆಕ್ಷೇಪ ಪ್ರಮಾಣದ್ದು. ದೇಶದ ಒಟ್ಟು ಉತ್ಪನ್ನಕ್ಕೆ ಹೋಲಿಸಿದರೆ 4,024 ಕೋಟಿ ನೂರಕ್ಕೆ ಒಂದೂ ಆಗದು, ದೊಡ್ಡ ಬ್ಯಾಂಕು ಯಾವುದೂ ಮುಳುಗಲಿಲ್ಲ, ಇದನ್ನು ಬಿಕ್ಕಟ್ಟು ಎನ್ನಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡೋಣ. ಬೇರೆ ಕಾರಣಗಳಿಗಾಗಿ ದುರ್ಬಲವಾಗಿದ್ದ ರಾಷ್ಟ್ರೀಕೃತ ಬ್ಯಾಂಕುಗಳ ಬಂಡವಾಳ ತುಂಬಲು ಕೇಂದ್ರ ಸರ್ಕಾರ 1993–94ರಲ್ಲಿ ಮೀಸಲಿಟ್ಟದ್ದು 5,700 ಕೋಟಿ. ಬ್ಯಾಂಕುಗಳು ನಿಲ್ಲಲು ಬೇಕಾಗಿದ್ದ ಬಂಡವಾಳದ ಅಳತೆಯಲ್ಲಿ ಹಗರಣದ ಮೊತ್ತ ಸಣ್ಣದಾಗಿರಲಿಲ್ಲ. ಆದರೂ ಹೆಚ್ಚಿನ ಬ್ಯಾಂಕುಗಳು ಬೀಳಲಿಲ್ಲವೆಂದರೆ ಅದಕ್ಕೆ ಕಾರಣ ಅವುಗಳ ಹಿಂದೆ ಸರ್ಕಾರವಿದೆ ಎಂಬ ಠೇವಣಿದಾರರ ನಂಬಿಕೆ. ಅಂಥ ನಂಬಿಕೆಯ ನೆರಳಿನಲ್ಲಿ ಅಪರಾಧ ಇನ್ನಷ್ಟು ದಿನ ನಡೆದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಅದೇ ಕಾಲದ ಅಮೆರಿಕ ಉತ್ತರ ಕೊಡುತ್ತದೆ. ಅಲ್ಲಿನ ಉಳಿತಾಯ ಮತ್ತು ಗೃಹಸಾಲ ಸಂಸ್ಥೆಗಳು ಮೊದಲು ಸೊರಗಿದ್ದು ಬಡ್ಡಿದರದ ಏರಿಕೆಯಿಂದ, ಅದರಲ್ಲಿ ಅಪರಾಧವಿರಲಿಲ್ಲ. 1982ರಲ್ಲಿ ನಿಯಮ ಸಡಿಲಾಯಿತು, ಠೇವಣಿಗೆ ಸರ್ಕಾರದ ವಿಮೆ ಹಾಗೆಯೇ ಉಳಿಯಿತು, ಸೊರಗಿದ ಸಂಸ್ಥೆಗಳನ್ನು ಕೊಂಡು ಒಳಗಿನಿಂದ ಬರಿದು ಮಾಡುವವರು ಬಂದರು. 1986ರಿಂದ 1995ರೊಳಗೆ ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ಮುಚ್ಚಿದವು, ತೆರಿಗೆದಾರರ ತಲೆಗೆ ಬಿದ್ದದ್ದು ಸುಮಾರು 12,400 ಕೋಟಿ ಡಾಲರ್. ಜಾರ್ಜ್ ಅಕರ್ಲಾಫ್ ಮತ್ತು ಪಾಲ್ ರೋಮರ್ 1993ರಲ್ಲಿ ಇದನ್ನು ಅರ್ಥಶಾಸ್ತ್ರದ ಭಾಷೆಯಲ್ಲೇ ಲೂಟಿ ಎಂದು ಕರೆದರು: ನಷ್ಟ ತುಂಬಿಕೊಡುವವರು ಬೇರೆ ಇರುವಾಗ ಸಂಸ್ಥೆಯನ್ನು ದಿವಾಳಿಯತ್ತ ನಡೆಸುವುದೇ ಒಡೆಯನಿಗೆ ಲಾಭದಾಯಕವಾಗಬಹುದೆಂದು ತೋರಿಸಿದರು. ಮೊದಲ ಪೆಟ್ಟು ಬೇರೆಲ್ಲಿಂದಲೋ ಬರಬಹುದು, ಗಾಯ ಕೊಳೆಯುವುದು ಈ ಲೂಟಿಯಿಂದ. ಮುಂಬಯಿಯಲ್ಲಿ ಒಂದು ವರದಿ, ಒಂದು ಸಮಿತಿ ಬೇಗ ಬಂದದ್ದು ನಮ್ಮ ಅದೃಷ್ಟ. ಏಪ್ರಿಲ್ 23ರ ವರದಿ ಆರು ತಿಂಗಳು ತಡವಾಗಿದ್ದರೆ ಅಂಕಿ ಎಲ್ಲಿಗೆ ಮುಟ್ಟುತ್ತಿತ್ತೋ ಊಹಿಸಲು ಭಯವಾಗುತ್ತದೆ.

ಇಲ್ಲಿ ನನ್ನ ವಾದವೇ ನನಗೆ ತಿರುಗುಬಾಣವಾಗುವ ಅಪಾಯವಿದೆ. ಎಲ್ಲರೂ ಸೇರಿ ಮಾಡಿದ್ದೆಂದರೆ ಯಾರೂ ಮಾಡಲಿಲ್ಲವೆಂದಂತೆ. ವ್ಯವಸ್ಥೆಯ ವೈಫಲ್ಯ ಎಂಬ ಮಾತು ಆಗ ದೆಹಲಿಯಲ್ಲಿ ಬಳಕೆಗೆ ಬಂದದ್ದೇ ಹೊಣೆಯನ್ನು ಹಂಚಿ ಹಂಚಿ ತೆಳುಮಾಡಲು. ರಾಮ್ ನಿವಾಸ್ ಮಿರ್ಧಾ ಅಧ್ಯಕ್ಷತೆಯ ಜಂಟಿ ಸಂಸದೀಯ ಸಮಿತಿ 1993ರ ಡಿಸೆಂಬರಿನಲ್ಲಿ ವರದಿ ಕೊಟ್ಟಾಗ ಇದನ್ನು ಬರೀ ವ್ಯವಸ್ಥೆಯ ಕುಂದೆಂದು ಬಿಡಲಿಲ್ಲ, ಸಾರ್ವಜನಿಕ ಹಣದ ಉದ್ದೇಶಪೂರ್ವಕ, ಅಪರಾಧಾತ್ಮಕ ದುರುಪಯೋಗವೆಂದೇ ಹೇಳಿತು. ಆ ವರದಿಯ ನಂತರ ಮನಮೋಹನ್ ಸಿಂಗ್ ರಾಜೀನಾಮೆ ಕೊಡಲು ಮುಂದಾದರು, ಪ್ರಧಾನಿ ಒಪ್ಪಲಿಲ್ಲ. ವಾಡಿಕೆಯನ್ನು ಕಾರಣವೆಂದು ತೋರಿಸುವ ನಾನು ವ್ಯಕ್ತಿಗಳನ್ನು ಬಿಟ್ಟುಕೊಡುತ್ತಿಲ್ಲ. ವಾಡಿಕೆ ತಾನೇ ನಡೆಯುವುದಿಲ್ಲ, ಪ್ರತಿ ದಿನ ಪ್ರತಿ ರಸೀದಿಗೂ ಒಬ್ಬರು ಸಹಿ ಹಾಕಬೇಕು. ಆ ಒಬ್ಬೊಬ್ಬರನ್ನೂ ಬೇಗ, ಹೆಸರು ಹಿಡಿದು ಕೇಳಬೇಕಿತ್ತು. ವ್ಯವಸ್ಥೆಯನ್ನು ಸರಿಪಡಿಸುವ ಕೆಲಸ ಮಾತ್ರ ಚುರುಕಾಗಿಯೇ ನಡೆಯಿತು, ಅದನ್ನು ಮೆಚ್ಚದೆ ಇರಲಾರೆ. ಷೇರುಪೇಟೆಯ ನಿಯಂತ್ರಕ ಸೆಬಿಗೆ ಹಗರಣ ಒಡೆಯುವ ಮೊದಲೇ, 1992ರ ಆರಂಭದಲ್ಲಿ, ಶಾಸನಬಲ ಸಿಕ್ಕಿತ್ತು, ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ 1994ರಲ್ಲಿ ಕಂಪ್ಯೂಟರ್ ಪರದೆಯ ಮೇಲೆ ವಹಿವಾಟು ಶುರುಮಾಡಿತು, 1996ರಿಂದ ಷೇರುಪತ್ರಗಳು ಡಿಮ್ಯಾಟ್ ಖಾತೆಗೆ ಸರಿದವು, ಸಾಲಪತ್ರಗಳ ಪೇಟೆಗೆ 2002ರಲ್ಲಿ ಪರದೆ ಮತ್ತು ತೀರುವಳಿ ಸಂಸ್ಥೆ ಬಂದವು. ಬಿ.ಆರ್. ಎಂಬ ಕಾಗದಕ್ಕೆ ಜಾಗವೇ ಇಲ್ಲದಾಯಿತು.

ಸಹಿ ಹಾಕಿದವರನ್ನು ಕೇಳುವ ಕೆಲಸ ಬೇರೆಯದೇ ವೇಗದಲ್ಲಿ ಸಾಗಿತು. ಮಾರುತಿ ಪ್ರಕರಣದಲ್ಲಿ ಹರ್ಷದ್‌ಗೆ ಐದು ವರ್ಷದ ಶಿಕ್ಷೆಯಾದದ್ದು 1999ರಲ್ಲಿ, ಹಗರಣವಾಗಿ ಏಳು ವರ್ಷದ ಮೇಲೆ. ಉಳಿದ ಹತ್ತಾರು ಪ್ರಕರಣಗಳು ಬಾಕಿಯಿರುವಾಗಲೇ 2001ರ ಡಿಸೆಂಬರ್ 31ರಂದು ಅವನು ಬಂಧನದಲ್ಲಿ ತೀರಿಕೊಂಡ. ಅದೇ ವರ್ಷದ ಮಾರ್ಚಿನಲ್ಲಿ ಪೇಟೆ ಮತ್ತೆ ಕುಸಿದಿತ್ತು. ಈ ಸಲ ಕೇತನ್ ಪಾರೇಖ್ ಎಂಬ ದಲ್ಲಾಳಿ. ರಸೀದಿಯ ಬದಲು ಪೇ ಆರ್ಡರ್, ಬ್ಯಾಂಕ್ ಆಫ್ ಕರಾಡಿನ ಬದಲು ಅಹಮದಾಬಾದಿನ ಮಾಧವಪುರ ಮರ್ಕಂಟೈಲ್ ಸಹಕಾರಿ ಬ್ಯಾಂಕು. ಅದರ ಮುಂಬಯಿ ಶಾಖೆ ಹಣವಿಲ್ಲದೆ ಬರೆದುಕೊಟ್ಟ 137 ಕೋಟಿಯ ಪೇ ಆರ್ಡರುಗಳಿಗೆ ಹಣ ಕೊಟ್ಟು ಕೈಸುಟ್ಟುಕೊಂಡದ್ದು ಬ್ಯಾಂಕ್ ಆಫ್ ಇಂಡಿಯಾ. ಮುಳುಗಿದ ಬ್ಯಾಂಕ್ ಆಫ್ ಕರಾಡನ್ನು 1994ರಲ್ಲಿ ತನ್ನೊಳಗೆ ಸೇರಿಸಿಕೊಂಡದ್ದು ಇದೇ ಬ್ಯಾಂಕು. ಕೇತನ್ ಪಾರೇಖ್ 1992ರಲ್ಲೂ ಪೇಟೆಯಲ್ಲಿದ್ದವನು. ಕ್ಯಾನ್‌ಫಿನಾಗೆ 47 ಕೋಟಿ ರೂಪಾಯಿ ವಂಚಿಸಿದ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ ಅವನಿಗೂ ಇತರರಿಗೂ ಶಿಕ್ಷೆ ವಿಧಿಸಿತು. ಅವನ ಪಾಲಿಗೆ ಬಂದದ್ದು ಒಂದು ವರ್ಷ. ತೀರ್ಪು ಬಂದದ್ದು 2008ರಲ್ಲಿ, ಅಷ್ಟರಲ್ಲಿ ಮಾಧವಪುರದ ಠೇವಣಿದಾರರು ಏಳು ವರ್ಷ ಕಾದಿದ್ದರು. ಆ ಬ್ಯಾಂಕಿನ ಪರವಾನಗಿಯನ್ನು ರಿಸರ್ವ್ ಬ್ಯಾಂಕು 2012ರಲ್ಲಿ ರದ್ದು ಮಾಡಿತು.